ಹೂವಾಡಗಿತ್ತಿಯೂ ಬಾಡದ ತೋಟವೂ

"ಹೊಳಲಗಿರಿಯ ಸಮಸ್ತರೂ ಕೇಳಿರಿ! ರಾಜಕುಮಾರಿ ಪದುಮಲೆಯವರು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವರು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಹುಣ್ಣಿಮೆಯ ದಿನ ಉರುಳುವುದು. ಅರಮನೆಯ ತೋಟವನ್ನು ಹೀಗಳೆದವರಿಗೂ ಅದೇ ಗತಿ. ಯಾರೂ ಬಿಡಿಸದಿದ್ದರೆ ಹುಣ್ಣಿಮೆ ಕಳೆದ ಮೇಲೆ ಊರಿನ ಹೂದೋಟಗಳನ್ನೆಲ್ಲ ಕಿತ್ತು ರೇಷ್ಮೆಯ ಹೂ ನೆಡಲಾಗುವುದು!"

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ಹೋದ. ಜಗುಲಿಯಲ್ಲಿ ಮಾಲೆ ಕಟ್ಟುತ್ತಿದ್ದ ದೇವೀರಿಯ ಕೈ ಅಲ್ಲಿಗೇ ನಿಂತಿತು. ಅವಳಿಗೆ ಹಿಂದಿಲ್ಲ, ಮುಂದಿಲ್ಲ. ಅವ್ವ ಬಿಟ್ಟುಹೋದ ಅಂಗೈಯಗಲದ ಮಲ್ಲಿಗೆ ತೋಟವೇ ಅವಳ ಅನ್ನ, ಅವಳ ಮಾನ.

ಇದೆಲ್ಲ ಶುರುವಾದದ್ದು ಮೂರು ವರ್ಷದ ಕೆಳಗೆ, ರಾಣಿ ತೀರಿಕೊಂಡಾಗ. ಅವಳಿಗೆ ಮುಡಿಸಿದ ಹೂವು ಮಧ್ಯಾಹ್ನಕ್ಕೇ ಬಾಡಿದ್ದನ್ನು ರಾಜ ಮಾರಭೂಪ ನೋಡಲಾರದೆ ಹೋದ. "ಇನ್ನು ನನ್ನ ಕಣ್ಣೆದುರು ಯಾವುದೂ ಬಾಡಕೂಡದು" ಎಂದು ಅರಮನೆಯ ತೋಟವನ್ನೆಲ್ಲ ಅಗೆಸಿಹಾಕಿದ. ರೇಷ್ಮೆಯ ಗುಲಾಬಿ, ಮೇಣದ ತಾವರೆ, ಜರತಾರಿಯ ಸಂಪಿಗೆ ಬಂದವು. ಅವನ ದುಃಖ ನಿಜವಾದದ್ದೇ, ಯಾರೂ ಇಲ್ಲವೆನ್ನಲಿಲ್ಲ. ಆದರೆ ಅವನೊಬ್ಬನ ದುಃಖಕ್ಕೆ ಊರಿನ ಗಿಡಗಳೆಲ್ಲ ಯಾಕೆ ಸಾಯಬೇಕು? ದೇವೀರಿ ಮಾಲೆಯನ್ನು ಬದಿಗಿಟ್ಟಳು. ಸೆರಗು ಸಿಕ್ಕಿಸಿಕೊಂಡು ಅರಮನೆಗೆ ನಡೆದೇಬಿಟ್ಟಳು.

ಸಭೆ ಸೇರಿದ್ದು ಆ ತೋಟದಲ್ಲೇ. ಒಗಟು ಬಿಡಿಸಿ ರಾಜಕುಮಾರಿಯ ಕೈಹಿಡಿಯಲು ಬಂದವರಿಗೇನೂ ಬರವಿರಲಿಲ್ಲ. ಪದುಮಲೆ ಮೊದಲ ಒಗಟು ಹೇಳಿದಳು: "ಬೀಜ ಬಿತ್ತಿದವರಿಲ್ಲ, ನೀರು ಹೊಯ್ದವರಿಲ್ಲ. ಆದರೂ ನಮ್ಮ ತೋಟದಲ್ಲಿ ದಿನದಿನಕ್ಕೂ ಬೆಳೆಯುವುದು ಯಾವುದು?"

ಪಕ್ಕದ ದೇಶದ ರಾಜಕುಮಾರ ಮೀಸೆ ತಿರುವಿ, "ಮಹಾಪ್ರಭುಗಳ ಕೀರ್ತಿ!" ಎಂದ. ಪದುಮಲೆ ಅಲ್ಲವೆಂದು ತಲೆಯಾಡಿಸಿದಳು. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು, ಮೀಸೆ ಸಮೇತ.

ಆಮೇಲೆ ಬಂದ ರತ್ನದ ವ್ಯಾಪಾರಿಗೆ ಉತ್ತರ ಗೊತ್ತಿತ್ತು. ಪಕ್ಕದ ಗುಲಾಬಿಯ ಮೇಲೆ ಬೆರಳಾಡಿಸಿ, ಬೆರಳ ತುದಿ ನೋಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ರಾಜನ ಖಡ್ಗ ಕಣ್ಣಿಗೆ ಬಿತ್ತು. "ಸೊಬಗು... ಸೊಬಗು ಬೆಳೆಯುತ್ತದೆ" ಎಂದು ತೊದಲಿದ. ಅವನೂ ಹೋದ. ಸುಳ್ಳು ಹೇಳಿದರೆ ತಲೆ, ನಿಜ ಹೇಳಿದರೂ ತಲೆ. ಉಳಿದ ವರರೆಲ್ಲ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು.

ದೇವೀರಿ ಮುಂದೆ ಬಂದು ನಿಂತಳು. "ಧೂಳು, ಅಮ್ಮಣ್ಣಿ. ನಮ್ಮ ಗಿಡ ಮಳೇಲಿ ಮೀಯ್ತದೆ, ಹಳೇ ಎಲೆ ಉದುರಿಸಿ ಹೊಸದು ಉಟ್ಕೋತದೆ. ಇವು ಏನು ಮಾಡಾವು? ನಿಂತಲ್ಲೇ ಧೂಳು ಹೊದ್ಕೋತವೆ."

"ಉತ್ತರ ಸರಿಯಾಗಿದೆ" ಎಂದಳು ಪದುಮಲೆ.

"ಸರಿಯಿದ್ದರೂ ನಿಂದನೆಯೇ!" ರಾಜ ಖಡ್ಗಕ್ಕೆ ಕೈಯಿಟ್ಟ.

"ನಂಗಿರೋದು ಒಂದೇ ತಲೆ, ಬುದ್ಧಿ," ಎಂದಳು ದೇವೀರಿ ರಾಜನಿಗೆ. "ಮೂರಕ್ಕೂ ಸೇರಿಸಿ ಒಂದೇ ಸಲ ತೆಗೀರಂತೆ. ಅಮ್ಮಣ್ಣಿ, ಮುಂದಿಂದು ಕೇಳಿ."

ಪದುಮಲೆಯ ತುಟಿಯಲ್ಲಿ ನಗು ಮಿನುಗಿ ಮಾಯವಾಯಿತು. "ಮೊದಲು ಕೆಲವರು ಕರೆಯದೆ ಬರುತ್ತಿದ್ದರು. ಕಾವಲುಗಾರರ ಎದುರೇ ಕದ್ದು, ಕದ್ದದ್ದಕ್ಕಿಂತ ಹೆಚ್ಚು ಕೊಟ್ಟುಹೋಗುತ್ತಿದ್ದರು. ಈಗ ಬಾಗಿಲು ತೆರೆದಿದ್ದರೂ ಬರುತ್ತಿಲ್ಲ. ಯಾರವರು?"

"ಜೇನುನೊಣ. ಜೇನು ಕದೀತಿದ್ವು, ಕಾಯಿ ಕೊಡ್ತಿದ್ವು. ಅಡುಗೆಮನೆ ಹಿತ್ತಲಲ್ಲಿ ಕುಂಬಳದ ಬಳ್ಳಿ ಮೈತುಂಬ ಹೂ ಬಿಡ್ತದೆ, ಒಂದೂ ಕಾಯಿ ಕಚ್ಚಲ್ಲ. ಬೇಕಾದ್ರೆ ಅಡುಗೆಯವರನ್ನ ಕೇಳಿ." ಹಿಂದೆ ನಿಂತಿದ್ದ ಅಡುಗೆಯವನು ಹೌದೆಂದು ತಲೆಯಾಡಿಸಿ, ರಾಜನ ಮುಖ ಕಂಡು ತಟ್ಟನೆ ನಿಲ್ಲಿಸಿದ.

ಪದುಮಲೆ ಮೂರನೆಯದನ್ನು ಕೇಳಿದಳು: "ಕೇಳುವವರಿದ್ದಾರೆ, ಹೇಳುವವಳೂ ಇದ್ದಾಳೆ. ಆದರೆ ಮೂರು ವರ್ಷದಿಂದ ಅವಳ ಬಾಯಿ ಕಟ್ಟಿದೆ. ಕಟ್ಟಿದವರು ಯಾರು?"

ಸಭೆಯ ಕಣ್ಣೆಲ್ಲ ತೋಟದಂಚಿನ ಗುಡಿಯತ್ತ ಹೊರಳಿತು. ಕುಲದೇವಿ ಬನದಮ್ಮ ಮುಡಿಯ ಹೂವನ್ನು ಬಲಕ್ಕೆ ಬೀಳಿಸಿದರೆ ಒಪ್ಪಿಗೆ, ಎಡಕ್ಕೆ ಬೀಳಿಸಿದರೆ ಬೇಡ. ಅವಳ ಒಪ್ಪಿಗೆಯಿಲ್ಲದೆ ಅರಮನೆಯಲ್ಲಿ ಮದುವೆ ಮುಂತಾದ ಯಾವ ಕಾರ್ಯವೂ ನಡೆಯದು. ಮೂರು ವರ್ಷದಿಂದ ಹೂವೇ ಬಿದ್ದಿರಲಿಲ್ಲ.

"ಕಟ್ಟಿದವರು ನೀವೇ, ಬುದ್ಧಿ," ದೇವೀರಿ ರಾಜನನ್ನೇ ನೋಡಿ ಹೇಳಿದಳು. "ಆ ತಾಯಿ ಮಾತಾಡೋದು ಹೂ ಬೀಳಿಸಿ. ನೀವು ರೇಷ್ಮೆ ಹೂವ ತಂತಿ ಸುತ್ತಿ ಅವಳ ಕಿರೀಟಕ್ಕೆ ಬಿಗಿದಿದ್ದೀರಿ. ಬೀಳೋಕೇ ಬಿಡದಿದ್ರೆ ಅವಳು ಎಲ್ಲಿಂದ ಮಾತಾಡಾಳು?"

ರಾಜ ಖಡ್ಗ ಹಿರಿದ. "ಇವಳ ತಲೆ ಹುಣ್ಣಿಮೆಗೂ ಕಾಯಬೇಕಾಗಿಲ್ಲ!"

"ಅದನ್ನೂ ಬನದಮ್ಮನ್ನೇ ಕೇಳಿ," ದೇವೀರಿ ಕದಲಲಿಲ್ಲ. "ತೆಗೀಬೇಕಾದ್ರೆ ಬಲಕ್ಕೆ ಬೀಳಿಸ್ಲಿ."

ಕುಲದೇವಿಯ ಹೆಸರೆತ್ತಿದ ಮೇಲೆ ರಾಜನಿಗೂ ಇಲ್ಲವೆನ್ನಲಾಗಲಿಲ್ಲ. ಇಡೀ ಅರಮನೆಯಲ್ಲಿ ಜೀವವಿದ್ದ ಹೂವೆಂದರೆ ಹಿತ್ತಲ ಕುಂಬಳದ್ದೊಂದೇ. ಪದುಮಲೆ ತಾನೇ ಓಡಿಹೋಗಿ ಒಂದನ್ನು ಕಿತ್ತು ತಂದಳು. ಪೂಜಾರಿ ತಂತಿ ಬಿಚ್ಚಿ, ರೇಷ್ಮೆಯ ಹೂ ತೆಗೆದು, ಹಳದಿ ಹೂವನ್ನು ನೀರಲ್ಲಿ ಅದ್ದಿ ದೇವಿಯ ಮುಡಿಗೇರಿಸಿದ. ಗಳಿಗೆ ಕಳೆಯಿತು. ದೇವೀರಿ ಕಣ್ಣು ಮುಚ್ಚಲಿಲ್ಲ, ಕೈಯನ್ನೂ ಮುಗಿಯಲಿಲ್ಲ.

ಹೂವು ಕೊಂಚ ಬಾಗಿತು, ಜಾರಿತು, ದೇವಿಯ ಎಡಪಾದದ ಹತ್ತಿರ ಬಿತ್ತು.

ಮಾರಭೂಪನ ಕೈಯಿಂದ ಖಡ್ಗ ಕಳಚಿತು. ಮೂರು ವರ್ಷ ಬಾಯಿ ಬಿಡದಿದ್ದ ತಾಯಿ ಮಾತಾಡಿದ್ದಳು. ಅವನು ನೆಲದ ಮೇಲೆ ಕೂತು, ರಾಣಿ ಸತ್ತಂದು ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತುಬಿಟ್ಟ.

"ಏನು ಬೇಕು ಕೇಳಮ್ಮ" ಎಂದ ಕೊನೆಗೆ.

"ಊರಿನ ತೋಟಗಳ ತಂಟೆಗೆ ಬರಬೇಡಿ. ಸೆರೇಲಿರೋರನ್ನ ಬಿಟ್ಟುಬಿಡಿ, ಹೆದರಿ ಸುಳ್ಳು ಹೇಳಿದ್ದಾರೆ ಪಾಪ. ಇಲ್ಲಿನ ಚಿಂದಿಯೆಲ್ಲ ಕಿತ್ತು ನೆಲ ಬಿಡಿಸಿಕೊಡಿ, ಗಿಡ ನಾನು ನೆಡ್ತೀನಿ. ಬನದಮ್ಮನಿಗೆ ಹೂ ತರೋ ಹಕ್ಕು ನಂದಾಗ್ಲಿ."

"ಆಗಲಿ" ಎಂದು ರಾಜ ಆ ಹೂವನ್ನು ಕೈಗೆತ್ತಿಕೊಂಡ. ಅದರ ಅಂಚು ಆಗಲೇ ಮುದುಡುತ್ತಿತ್ತು. "ನೀನು ತರುವುದೂ ಸಂಜೆಗೆ ಬಾಡುತ್ತದಲ್ಲ?"

"ಬಾಡ್ತದೆ ಬುದ್ಧಿ," ಎಂದಳು ದೇವೀರಿ. "ನಾಳೆ ಮತ್ತೆ ತರ್ತೀನಿ."