ಅಡ್ಡ ಹಾಯುವ ನಾಯಿ

“ಗುರುಗಳೇ, ಈ ಮಠದಲ್ಲಿ ನನ್ನಷ್ಟು ನಿಮ್ಮ ಮಾತು ಕೇಳುವವರು ಯಾರಿದ್ದಾರೆ? ಆದರೂ ಬೇರೆ ಊರಿನ ಮಠಗಳನ್ನು ನೋಡಿಕೊಳ್ಳಲು ಮಿಕ್ಕವರನ್ನೆಲ್ಲ ಕಳಿಸಿದಿರಿ. ನನ್ನೊಬ್ಬನನ್ನು ಮಾತ್ರ ಏಕೆ ಕಳಿಸಲಿಲ್ಲ?” ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಮಠಕ್ಕೆ ಬಂದ ಹೊಸದರಲ್ಲಿ ಮಾತುಮಾತಿಗೂ ಎದುರು ಪ್ರಶ್ನೆ ಹಾಕುತ್ತಿದ್ದವನು. ಗುರುಗಳು ಅವನನ್ನು ಹತ್ತು ಜನರ ಮುಂದೆ ಗದರಿಸಿ ದಾರಿಗೆ ತಂದಿದ್ದರು. ಈಗ ಅವನು ಅವರು ಹಾಕಿದ ಗೆರೆ ದಾಟುತ್ತಿರಲಿಲ್ಲ. ಗುರುಗಳು ಅವನಿಗೆ ಒಂದು ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಬ್ಬ ಕುರಿಗಾರನಿದ್ದ. ಅವನ ಬಳಿ ಕೆಂಚಿ ಎಂಬ ಹೆಣ್ಣುನಾಯಿ ಇತ್ತು. ತಾಯಿ ಕುರಿಹಟ್ಟಿ ಕಾಯುತ್ತಿದ್ದ ನಾಯಿ, ತಂದೆ ಗೌಡನ ಮನೆಯ ಬೇಟೆನಾಯಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನುತ್ತಾರೆ. ಈ ಸೀರೆಗೆ ಎರಡು ಬಗೆಯ ನೂಲು ಬಿದ್ದಿತ್ತು. ಬೇಟೆನಾಯಿಯ ಉದ್ದ ಕಾಲು, ಬತ್ತಿದ ಹೊಟ್ಟೆ; ಹಟ್ಟಿನಾಯಿಯ ಒರಟು ಕೂದಲು, ತಾಳ್ಮೆ. ಊರವರು ಅದನ್ನು ಬೆರಕೆ ಎಂದು ಆಡಿಕೊಳ್ಳುತ್ತಿದ್ದರು. ಕುರಿಗಾರ ಆ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೆಂಚಿ ಬಂದ ಮೇಲೆ ಅವನ ಹಟ್ಟಿಯಿಂದ ಒಂದು ಮರಿಯೂ ತೋಳದ ಪಾಲಾಗಿರಲಿಲ್ಲ.

ಆ ಕಡೆಯ ತೋಳಗಳು ಜೋಡಿಯಾಗಿ ಬರುತ್ತಿದ್ದವು. ಒಂದು ದಿಬ್ಬದ ಮೇಲೆ ಮುಖ ತೋರಿಸುವುದು, ಇನ್ನೊಂದು ಹಳ್ಳದಲ್ಲಿ ಅಡಗಿರುವುದು. ಬರೀ ಬೇಟೆನಾಯಿಯಾದರೆ ಕಂಡ ತೋಳದ ಬೆನ್ನು ಹತ್ತಿ ಮಾಯವಾಗುತ್ತದೆ. ಬರೀ ಹಟ್ಟಿನಾಯಿಯಾದರೆ ಹಳ್ಳದ ತೋಳ ಎದ್ದದ್ದು ತಿಳಿದರೂ ಅಷ್ಟು ದೂರ ಓಡಿ ಮುಟ್ಟಲಾರದೆ ನಿಂತಲ್ಲೇ ಬೊಗಳುತ್ತದೆ. ಕೆಂಚಿ ಬೊಗಳುತ್ತಲೂ ಇರಲಿಲ್ಲ. ಕಂಡ ತೋಳಕ್ಕೆ ಬೆನ್ನು ತಿರುಗಿಸಿ, ಕಾಣದ ತೋಳ ಬರುವ ಕಡೆಗೆ ಅಡ್ಡ ಹಾಯ್ದು ನಿಲ್ಲುತ್ತಿತ್ತು. ಎಲ್ಲಿ ನಿಲ್ಲಬೇಕೆಂದು ತಾಯಿಯ ಬುದ್ಧಿ ಹೇಳುತ್ತಿತ್ತು. ಹೊತ್ತು ಮೀರುವ ಮೊದಲು ತಂದೆಯ ಕಾಲು ಅಲ್ಲಿಗೆ ಮುಟ್ಟಿಸುತ್ತಿತ್ತು. ಇದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಯುಗಾದಿಯ ಮಾರನೆಯ ದಿನ ಆ ಊರಿನವರು ಮೊಲದ ಬೇಟೆಗೆ ಹೋಗುತ್ತಿದ್ದರು. ಅದಕ್ಕೊಂದು ಕಟ್ಟಳೆಯಿತ್ತು. ಮೊಲದ ಬೆನ್ನಹಿಂದೆಯೇ ಓಡಿ ಹಿಡಿದ ನಾಯಿಗೆ ಮಾನ. ಅದರ ಹಣೆಗೆ ಗುಲಾಲು ಹಚ್ಚಿ, ಒಡೆಯನ ತಲೆಗೆ ರುಮಾಲು ಸುತ್ತುತ್ತಿದ್ದರು. ಅಡ್ಡ ಹಾಯ್ದು ಹಿಡಿದ ನಾಯಿಯನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ.

ಒಂದು ವರ್ಷ ಕುರಿಗಾರನೂ ಕೆಂಚಿಯನ್ನು ಕರೆದುಕೊಂಡು ಹೋದ. ಗೌಡನ ನಾಯಿಗಳು ಧೂಳೆಬ್ಬಿಸಿಕೊಂಡು ಮೊಲದ ಹಿಂದೆ ಹೋದವು. ಕೆಂಚಿ ಸ್ವಲ್ಪ ಓಡಿ, ನಿಂತು ನೋಡಿತು. ಆಮೇಲೆ ಓರೆಯಾಗಿ ಹೋಗಿ ಹೊಲದ ಬೇಲಿಯಲ್ಲಿದ್ದ ಕಂಡಿಯ ಬಳಿ ಕುಳಿತುಕೊಂಡಿತು. ಗೌಡನ ನಾಯಿಗಳನ್ನು ಸುತ್ತಾಡಿಸಿ ಸುಸ್ತು ಮಾಡಿದ ಮೊಲ ಕೊನೆಗೆ ತಾನಾಗಿಯೇ ಕೆಂಚಿಯ ಬಾಯಿಗೆ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನಪಾ, ನಿನ್ನ ನಾಯಿ ಬ್ಯಾಟಿಗೆ ಬಂದೈತೋ, ಉಣ್ಣಾಕ ಬಂದೈತೋ?” ಅಂದ ಗೌಡ. “ನಮ್ಮ ನಾಯಿ ದುಡೀತಾವು. ನಿಂದು ಕುಂತು ತಿಂತೈತಿ. ಬೆರಕಿ ಬುದ್ಧಿ ಎಲ್ಲಿ ಹೋದೀತು!”

ಅಲ್ಲಿಯವರೆಗೆ ಬೆರಕೆ ಎಂಬ ಮಾತು ಕುರಿಗಾರನಿಗೆ ತಟ್ಟಿರಲಿಲ್ಲ. ಅಂದು ತಟ್ಟಿತು. ಮೊಲ ಸಿಕ್ಕಿದ್ದು ಕೆಂಚಿಗೆ, ಬರಿಗೈಯಲ್ಲಿ ಹೋದದ್ದು ಗೌಡ. ಆದರೂ ತಲೆ ತಗ್ಗಿಸಿ ಮನೆಗೆ ಬಂದವನು ಕುರಿಗಾರ. ನಾಲ್ಕು ಜನ ನಕ್ಕರೆ ಸಾಕು, ಮನುಷ್ಯ ತನ್ನ ಕಣ್ಣನ್ನೇ ನಂಬುವುದಿಲ್ಲ.

ಮರುದಿನವೇ ಅವನು ಹಟ್ಟಿಯ ಪಕ್ಕದಲ್ಲಿ ಎರಡೂ ಕಡೆ ಜಾಲಿಮುಳ್ಳು ಒಟ್ಟಿ ಉದ್ದನೆಯ ಓಣಿ ಮಾಡಿದ. ಮೊಲದ ತೊಗಲನ್ನು ಹಗ್ಗಕ್ಕೆ ಕಟ್ಟಿ, ತಟ್ಟು ಕುದುರೆಯ ಹಿಂದೆ ಆ ಓಣಿಯಲ್ಲಿ ಎಳೆಸಿದ. ಕೆಂಚಿ ಅಡ್ಡ ಹಾಯಲು ನೋಡಿದಾಗಲೆಲ್ಲ ಮೈಗೆ ಮುಳ್ಳು ಚುಚ್ಚಿತು. ಮುಳ್ಳು ಹಾರಿದರೆ ಕೋಲಿನ ಪೆಟ್ಟು ಬಿತ್ತು. ನೆಟ್ಟಗೆ ಓಡಿದ ದಿನ ಹಾಲಿನಲ್ಲಿ ಕಲಸಿದ ರೊಟ್ಟಿ ಸಿಕ್ಕಿತು.

“ಅದರ ಬುದ್ಧಿ ಅದಕ್ಕಿರಲಿ ಬಿಡ್ರಿ,” ಅಂದಳು ಅವನ ಹೆಂಡತಿ. “ಇಷ್ಟ ದಿನ ನಮ್ಮ ಕುರಿ ಉಳಿಸಿದ್ದು ಆ ಬುದ್ಧೀನ ಅಲ್ಲೇನು?”

“ಮಂದಿ ಮುಂದ ಮಾನ ಹೋಗಿದ್ದು ನಂದು. ನೀ ಸುಮ್ಮಕಿರು,” ಅಂದ ಕುರಿಗಾರ.

ಕೆಂಚಿ ಜಾಣ ನಾಯಿ. ಅದೇ ಕೇಡಾಯಿತು. ದಡ್ಡ ನಾಯಿಯಾಗಿದ್ದರೆ ಕಲಿಯುತ್ತಿರಲಿಲ್ಲ, ಕುರಿಗಾರನಿಗೂ ಬೇಸರ ಬಂದು ಬಿಟ್ಟುಬಿಡುತ್ತಿದ್ದ. ಕೆಂಚಿ ಕಲಿತುಬಿಟ್ಟಿತು. ಮುಂದಿನ ಯುಗಾದಿಯ ಬೇಟೆಯಲ್ಲಿ ಮೊಲದ ಬೆನ್ನಹಿಂದೆಯೇ ಓಡಿ, ಗೌಡನ ನಾಯಿಗಳನ್ನೂ ಹಿಂದೆ ಹಾಕಿ ಮೊಲ ಹಿಡಿಯಿತು. ಅದರ ಹಣೆಗೆ ಗುಲಾಲು ಬಿತ್ತು. ಗೌಡ ತಾನೇ ಕುರಿಗಾರನಿಗೆ ರುಮಾಲು ಸುತ್ತಿದ. ಆ ರುಮಾಲನ್ನು ಅವನು ಮಲಗುವಾಗಲೂ ಬಿಚ್ಚಲಿಲ್ಲ.

ಕುರಿಗಳು ಮರಿ ಹಾಕುವ ಕಾಲ ಬಂತು. ಒಂದು ಮಧ್ಯಾಹ್ನ ದಿಬ್ಬದ ಮೇಲೆ ತೋಳ ಕಾಣಿಸಿಕೊಂಡಿತು. ಕೆಂಚಿ ಅದರ ಹಿಂದೆ ಬಾಣದಂತೆ ನೆಟ್ಟಗೆ ಹೋಯಿತು. ಕುರಿಗಾರ ಹಳ್ಳದ ಕಡೆ ನೋಡಬೇಕಿತ್ತು. ಅವನು ಓಟವನ್ನು ನೋಡುತ್ತ ನಿಂತ. “ಭಲೆ ಕೆಂಚಿ!” ಎಂದು ಕೂಗಿದ. ಗೌಡ ಇಲ್ಲಿರಬೇಕಿತ್ತು ಅಂದುಕೊಂಡ.

ಅಷ್ಟರಲ್ಲಿ ಬೆನ್ನ ಹಿಂದೆ ಕುರಿಗಳು ಚೀರಿದವು. ಹಳ್ಳದಿಂದ ಎದ್ದ ತೋಳ ಮರಿಗಳ ನಡುವೆ ನುಗ್ಗಿತ್ತು. ಕುರಿಗಾರ ಕೋಲು ಹಿಡಿದು ಓಡಿ ಬರುವಷ್ಟರಲ್ಲಿ ಸಿಕ್ಕಸಿಕ್ಕವನ್ನು ಕಚ್ಚಿ ಬಿಸಾಡಿ, ಒಂದನ್ನು ಹೊತ್ತುಕೊಂಡು ಹೋಗಿತ್ತು. ಹೆಂಡತಿ ಬಂದು ಉಸಿರಾಡುತ್ತಿದ್ದ ಮರಿಯೊಂದನ್ನು ಮಡಿಲಿಗೆ ಎತ್ತಿಕೊಂಡಳು.

ಆಗ ಕೆಂಚಿ ಬಂತು. ನಾಲಿಗೆ ಚಾಚಿ, ಬಾಲ ಅಲ್ಲಾಡಿಸುತ್ತ ಅವನ ಮುಂದೆ ಕುಳಿತು ಹಣೆ ಮೇಲಕ್ಕೆತ್ತಿತು. ಹೇಳಿಕೊಟ್ಟ ಹಾಗೆಯೇ ಓಡಿದ್ದೆನಲ್ಲ ಎಂಬ ಸಂತೋಷ ಅದಕ್ಕೆ. ಕುರಿಗಾರ ಹೊಡೆಯಲು ಕೋಲೆತ್ತಿದ. ಯಾವ ತಪ್ಪಿಗೆ ಹೊಡೆಯಬೇಕೆಂದು ತಿಳಿಯಲಿಲ್ಲ. ಕೋಲು ಬಿಸಾಡಿ, ನಾಯಿಯ ಕೊರಳು ತಬ್ಬಿಕೊಂಡು ಅತ್ತ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನು ಮುಳ್ಳಿನ ಓಣಿಗೆ ಬೆಂಕಿ ಹಚ್ಚಿದ. ಬೇಟೆಗೆ ಹೋಗುವುದನ್ನು ಬಿಟ್ಟ. ಕೆಂಚಿ ತೋಳದ ಹಿಂದೆ ಓಡಲು ಕಾಲೆತ್ತಿದರೆ “ಬ್ಯಾಡ” ಎಂದು ಬೇಡಿಕೊಂಡ. ಹಳ್ಳದ ಕಡೆ ಕರೆದೊಯ್ದು, ಮೊದಲಿನ ಹಾಗೆ ನಿನಗೆ ತೋಚಿದ್ದನ್ನು ಮಾಡು ಎಂದು ಮೈದಡವಿ ಹೇಳಿದ. ಕೋಲಿನಿಂದ ಕಸಿದುಕೊಂಡದ್ದನ್ನು ಕೈಯಿಂದ ಸವರಿ ವಾಪಸು ಕೊಡಲು ಬರುತ್ತದೆಯೇ?

ಮತ್ತೊಮ್ಮೆ ದಿಬ್ಬದ ಮೇಲೆ ತೋಳ ಕಾಣಿಸಿಕೊಂಡಿತು. ಕೆಂಚಿ ಅದರ ಹಿಂದೆ ಓಡಲಿಲ್ಲ. ಅಡ್ಡವೂ ಹಾಯಲಿಲ್ಲ. ಏನು ಮಾಡಲಿ ಎಂದು ಕುರಿಗಾರನ ಮುಖ ನೋಡುತ್ತ ನಿಂತಿತು. ಅವನು ಏನು ಹೇಳಿಯಾನು? ಕಾಣದ ತೋಳ ಎಲ್ಲಿದೆ ಎಂಬುದು ಅವನಿಗೆ ಎಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕೆಂಚಿಗೆ.

ಕೆಂಚಿ ಬಹಳ ಕಾಲ ಬದುಕಿತು. ಅವನು ಕೂತರೆ ಕೂತಿತು, ಎದ್ದರೆ ಎದ್ದಿತು. ದಾರಿಯಲ್ಲಿ ಹೋಗುವವರು, ಹೇಳಿದ ಮಾತು ಕೇಳುವ ಎಂಥ ನಾಯಿ ಎಂದು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಕುರಿಗಾರ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ಚಡಪಡಿಸಿದ. ಕೈ ಮುಗಿದು, ಅವರನ್ನೇ ನೋಡುತ್ತ ಕೇಳಿದ:

“ಹಾಗಾದರೆ ನಾನೀಗ ಏನು ಮಾಡಲಿ, ಗುರುಗಳೇ?”

ಗುರುಗಳು ಶಿಷ್ಯನ ಕಣ್ಣು ತಪ್ಪಿಸಿ ನೆಲ ನೋಡಿದರು.

“ಕೆಂಚಿಯೂ ಇದನ್ನೇ ಕೇಳಿತು, ಮಗು.”