ಕಡಲು ಕೊಟ್ಟ ಕಾಣಿಕೆ

ಪಡುಬಂದರಿನ ಅರಸ ನರಸಿಂಗರಾಯನಿಗೆ ತನ್ನ ಪಟ್ಟಣದ ಮೇಲೆ ಬಲು ಹೆಮ್ಮೆ. ಹಡಗಿನಿಂದ ಇಳಿದ ಪರದೇಶದ ವರ್ತಕರನ್ನು ಕೂರಿಸಿಕೊಂಡು ಅಂದು ಆಸ್ಥಾನದಲ್ಲಿ ಕೊಚ್ಚಿಕೊಳ್ಳುತ್ತಿದ್ದ.

"ಇಷ್ಟು ದೊಡ್ಡ ಊರು, ಸಾವಿರಾರು ಬಚ್ಚಲು. ಬೀದಿಯಲ್ಲಿ ಒಂದು ಹನಿ ಕೊಳಚೆ ತೋರಿಸಿ ನೋಡೋಣ! ಎಲ್ಲ ನಮ್ಮ ಪ್ರಧಾನಿಯ ಕಾಲುವೆಯ ಮಹಿಮೆ."

ಪ್ರಧಾನಿ ಲಿಂಗರಸ ಮೀಸೆ ನೀವಿಕೊಂಡ. ಘಟ್ಟದ ಮೇಲಿನಿಂದ ಬಂದ ಅವನಿಗೆ ಕಡಲೆಂದರೆ ತಳವಿಲ್ಲದ ತಿಪ್ಪೆಗುಂಡಿ. "ಕಡಲಿಗೆ ಹೋದದ್ದು ಹೋಯಿತು, ಮಹಾಪ್ರಭು. ತಿರುಗಿ ಬರುವ ಮಾತೇ ಇಲ್ಲ."

"ಬರುತ್ತದೆ!"

ಮೀನುಗಾರರ ಕೇರಿಯ ಅಕ್ಕು ಮರಕಾಲ್ತಿ ಕಾವಲಿನವನನ್ನು ಮೊಣಕೈಯಲ್ಲಿ ತಳ್ಳಿ ಒಳಗೆ ಬಂದಿದ್ದಳು. "ಒಡೆಯಾ, ಊರಿನ ಹೊಲಸೆಲ್ಲ ನಮ್ಮ ದಡಕ್ಕೆ ಬಂದು ಬೀಳುತ್ತಿದೆ. ಮೀನು ಸತ್ತು ತೇಲುತ್ತಿದೆ. ಮಕ್ಕಳ ಮೈಯೆಲ್ಲ ತುರಿಕೆ."

"ಮೀನಿನ ಬುಟ್ಟಿ ಹೊರುವವಳು ನಾತದ ದೂರು ತಂದಿದ್ದಾಳೆ!" ಪ್ರಧಾನಿ ನಕ್ಕ. "ಪ್ರಭು, ನಾತ ಇವರ ಮೀನಿನದೇ, ಅದೂ ಬಲು ಜೋರು. ಕೇರಿಯನ್ನು ಗುಡ್ಡದಾಚೆಗೆ ಎಬ್ಬಿಸಿಬಿಡೋಣ."

"ಗುಡ್ಡದಾಚೆ ದೋಣಿ ಎಲ್ಲಿ ಕಟ್ಟಲಿ? ಮಾವಿನ ಮರಕ್ಕೋ?"

ಅರಸನಿಗೆ ವರ್ತಕರೆದುರು ಮಾನ ಉಳಿಯಬೇಕಿತ್ತು. "ಹೊಲಸು ನಮ್ಮ ಕಾಲುವೆಯದೆಂದು ಹುಣ್ಣಿಮೆಯೊಳಗೆ ತೋರಿಸು. ಇಲ್ಲವಾದರೆ ಕೇರಿ ಖಾಲಿ ಮಾಡಿ" ಎಂದ.

ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ದುಗ್ಗಣ್ಣ ತಲೆ ಎತ್ತಿದ. ಆಸ್ಥಾನದ ಜಾಣನೆಂದು ಅವನಿಗೆ ಸಂಬಳ. ಬಾಯಿ ತೆರೆಯುವುದು ಮಾತ್ರ ಅಪರೂಪ. ಮರುದಿನ ಬೆಳಿಗ್ಗೆ ಎದ್ದು ದಡಕ್ಕೆ ಹೋದ.

ಕಾಲುವೆಯ ಬಾಯಿ ಕೇರಿಯ ಪಕ್ಕದಲ್ಲೇ ಇತ್ತು. ಕೊಳಚೆ ನಿಂತು ತಿಳಿಯಾಗಲೆಂದು ಹಳೆಯ ಅರಸರು ತೋಡಿಸಿದ್ದ ಕೊಳಗಳಲ್ಲಿ ಈಗ ಪ್ರಧಾನಿಯ ಬಾಳೆತೋಟ. ಗೊಬ್ಬರಕ್ಕೆ ಕೊರತೆಯಿಲ್ಲ, ಗೊನೆಗಳು ನೆಲ ಮುಟ್ಟುತ್ತಿದ್ದವು.

ಅರಮನೆಯ ನಗಾರಿ ಮೊಳಗಿತು. ಆಳು ತೂಬಿನ ಹಲಗೆ ಎತ್ತಿದ. ಕಡಲು ಆಗ ಉಬ್ಬರದಲ್ಲಿತ್ತು. ಕಪ್ಪುನೀರು ನಾಲ್ಕು ಮಾರು ಹೋಗಿ, ಏನೋ ಮರೆತವರಂತೆ ಹಿಂದಿರುಗಿ ಅಕ್ಕುವಿನ ಅಂಗಳದ ಬೇಲಿಗೆ ತಾಗಿತು.

"ಇಳಿತದ ಹೊತ್ತಿಗೆ ತೂಬು ಎತ್ತಬಾರದೇ?" ಎಂದ ದುಗ್ಗಣ್ಣ.

"ನಗಾರಿಯಾದ ಕೂಡಲೇ ಎತ್ತಬೇಕೆಂದು ಪ್ರಧಾನಿಗಳ ಅಪ್ಪಣೆಯಂತೆ" ಎಂದಳು ಅಕ್ಕು. "ನಗಾರಿ ಕೇಳಿ ಇಳಿಯಲು ಕಡಲೇನು ಅರಮನೆಯ ಊಳಿಗಕ್ಕಿದೆಯೇ?"

"ಬಿದ್ದ ರಾಶಿಯನ್ನಾದರೂ ಹೂಳಬಾರದೇ?"

"ಮುಟ್ಟುವುದುಂಟೇ! ಕಡಲು ದಡಕ್ಕೆ ತಂದದ್ದು ಹುಲ್ಲುಕಡ್ಡಿಯಾದರೂ ಅರಮನೆಯದು ಎಂದು ಇದೇ ಪ್ರಧಾನಿಗಳು ಡಂಗುರ ಹೊಡೆಸಿದ್ದಾರೆ. ಒಡೆದ ಹಡಗಿನ ಒಂದು ಹಲಗೆ ಒಲೆಗೆ ತಂದದ್ದಕ್ಕೆ ನನ್ನ ಗಂಡನ ಬೆನ್ನು ಸುಲಿದರು."

ದುಗ್ಗಣ್ಣನ ಅಡಕತ್ತರಿ ನಿಂತಿತು.

"ಹಾಗಾದರೆ ಅಕ್ಕೂ, ಅರಮನೆಯ ಸೊತ್ತನ್ನು ಇಷ್ಟು ದಿನ ನೀವು ಇಟ್ಟುಕೊಂಡದ್ದು ತಪ್ಪಲ್ಲವೇ?"

ಅಕ್ಕು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ನಗು ಮುಚ್ಚಲು ಮೆಲ್ಲಗೆ ಸೆರಗು ಬಾಯಿಗೆ ಹೋಯಿತು.

ಹುಣ್ಣಿಮೆಯ ದಿನ ಆಸ್ಥಾನ ತುಂಬಿತ್ತು. ಬಾಳೆಲೆ ಮುಚ್ಚಿದ ಬುಟ್ಟಿಗಳನ್ನು ತಲೆಯಲ್ಲಿ ಹೊತ್ತು ಕೇರಿಯ ಹೆಂಗಸರು ಸಾಲಾಗಿ ಬಂದರು. ಮುಂದೆ ದುಗ್ಗಣ್ಣ.

"ಏನು ದುಗ್ಗಣ್ಣ, ಕಾಣಿಕೆಯೇ?" ಅರಸನ ಮುಖ ಅರಳಿತು.

"ಕಡಲಿನ ಕಾಣಿಕೆ, ಪ್ರಭು."

ಎಲೆ ಸರಿಯಿತು. ವರ್ತಕರು ಒಬ್ಬರ ಹಿಂದೊಬ್ಬರು ಕಿಟಕಿಯ ಕಡೆಗೆ ಜರುಗಿದರು.

"ಏನಿದು ಅನ್ಯಾಯ!" ಅರಸ ಮೂಗು ಹಿಡಿದುಕೊಂಡ.

"ಅನ್ಯಾಯವಲ್ಲ, ಕಾನೂನು. ಕಡಲು ದಡಕ್ಕೆ ತಂದದ್ದೆಲ್ಲ ಪ್ರಭುಗಳದು. ಭಂಡಾರದ ಬೀಗದ ಕೈ ಪ್ರಧಾನಿಗಳ ಸೊಂಟದಲ್ಲಿದೆ. ತೆರೆಸಿದರೆ ಇವರು ಒಳಗಿಟ್ಟು ಹೋಗುತ್ತಾರೆ. ಹೊರಗೆ ಇನ್ನೂ ಸಾಲಿದೆ."

"ಭಂಡಾರಕ್ಕೇ?" ಪ್ರಧಾನಿ ಹಾರಿ ಬಂದ. "ಪ್ರಭು, ಇದು ಕಡಲಿನದಲ್ಲ! ನೋಡಿ, ಅಂಟುವಾಳದ ಸಿಪ್ಪೆ! ಕಡಲಿನಲ್ಲಿ ಅಂಟುವಾಳ ಬೆಳೆಯುತ್ತದೆಯೇ? ಇದು ನಮ್ಮ ಅರಮನೆಯ ಬಚ್ಚಲಿನ..."

ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

"ನಮ್ಮ ಬಚ್ಚಲಿನದೇ?" ಅರಸ ನಿಧಾನವಾಗಿ ಕೇಳಿದ. "ಕಡಲಿಗೆ ಹೋದದ್ದು ತಿರುಗಿ ಬರುವುದಿಲ್ಲ ಎಂದಿದ್ದೆಯಲ್ಲ?"

ಕಡಲಿನದೆಂದರೆ ಭಂಡಾರ ತೆರೆಯಬೇಕು, ಊರಿನದೆಂದರೆ ಬಾಯಿ ಮುಚ್ಚಬೇಕು. ಲಿಂಗರಸ ಬಾಯಿ ಮುಚ್ಚಿದ.

"ಅವರು ಸುಳ್ಳು ಹೇಳಿಲ್ಲ, ಪ್ರಭು" ಎಂದ ದುಗ್ಗಣ್ಣ. "ಅರಮನೆಯಿಂದ ಹೋದದ್ದು ಅರಮನೆಗೆ ಎಂದೂ ತಿರುಗಿ ಬಂದಿರಲಿಲ್ಲ. ಅಕ್ಕುವಿನ ಅಂಗಳದವರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಮೂಗಿದ್ದವರು ಯಾರೂ ಇಲ್ಲವೆಂದು ಪ್ರಧಾನಿಗಳು ತಿಳಿದಿದ್ದರು."

ಅರಸನ ಮುಖ ಕೆಂಪಾಯಿತು. ಕಿಟಕಿಯ ಬಳಿ ಮುದಿ ವರ್ತಕನೊಬ್ಬ ಕಿಸಕ್ಕೆಂದ. ಬೇರೆ ದಾರಿ ಕಾಣದೆ ಅರಸನೂ ನಕ್ಕ.

ಕೇರಿ ಇದ್ದಲ್ಲೇ ಉಳಿಯಿತು. ಹಲಗೆ, ಹುಲ್ಲುಕಡ್ಡಿಯ ಡಂಗುರ ರದ್ದಾಯಿತು. ಬಾಳೆ ಕಿತ್ತು ಕೊಳಗಳಿಗೆ ನೀರು ಬಿಡಬೇಕು, ತಿಳಿಯಾದ ನೀರನ್ನು ಇಳಿತದಲ್ಲಿ, ಅಕ್ಕು ಹೇಳಿದ ಹೊತ್ತಿಗೆ ಹೊರಬಿಡಬೇಕು ಎಂದು ಅಪ್ಪಣೆಯಾಯಿತು. ಕೆಲಸ ಮುಗಿಯುವವರೆಗೆ ಪ್ರಧಾನಿಯ ವಾಸ ತೂಬಿನ ಬಳಿಯ ಗುಡಿಸಲಿನಲ್ಲಿ.

ಅರಸ ಹೆಗಲ ರೇಷ್ಮೆ ಶಾಲು ತೆಗೆದು ದುಗ್ಗಣ್ಣನತ್ತ ಚಾಚಿದ.

"ನನಗೇಕೆ, ಪ್ರಭು? ಪ್ರಧಾನಿಗಳಿಗೆ ಕೊಡಿ" ಎಂದ ದುಗ್ಗಣ್ಣ, ಹೋಳು ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ. "ಮೀನಿನ ನಾತ ಬಲು ಜೋರು ಎನ್ನುತ್ತಿದ್ದರು. ಮೂಗಿಗೆ ಕಟ್ಟಿಕೊಳ್ಳಲಿ."