ಉಸ್ತೀನ್ಯ ಬಿಚ್ಚಿದ ನಡುಪಟ್ಟಿ

ನನ್ನ ಹಳೇ ಡೈರಿಯಲ್ಲಿ ೧೯೬೭ರ ಜನವರಿ ಹತ್ತೊಂಬತ್ತನೇ ತಾರೀಖಿನ ಪುಟದಲ್ಲಿದೆ ಈ ಕತೆ. ಕಾಲೇಜಿನಲ್ಲಿ ನಮಗೆ ರಷ್ಯನ್ ಕಲಿಸುತ್ತಿದ್ದ ಮೇಡಂ ಹೇಳಿದ್ದು, ಅವತ್ತು ಅವರ ಕಡೆ ನೀರಿನ ಹಬ್ಬವಂತೆ, ಯೇಸು ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿದ ದಿನ. ಒಂದು ಮಾತೂ ಬಿಡದೆ ಬರೆದಿಟ್ಟಿದ್ದೇನೆ ಕಂದ, ನಡುವೆ ಬಾಯಿ ಹಾಕಬೇಡ, ರಗ್ಗು ಹೊದ್ದುಕೊ.

ಹಿಮ ಬೀಳುವ ರಷ್ಯಾ ದೇಶದಲ್ಲಿ, ಯಾವುದೋ ಒಂದು ಕಾಲದಲ್ಲಿ, ಪೂಜೆಯ ಕ್ರಮ ಬದಲಾದರೂ ನಾವು ಬದಲಾಗಲ್ಲ ಅಂತ ಕಾಡು ಸೇರಿದ ಹಳೇ ನಂಬಿಕೆಯ ಕ್ರೈಸ್ತರ ಊರೊಂದಿತ್ತಂತೆ. ಅಲ್ಲಿ ಹೆಂಗಸರು ಉದ್ದ ಅಂಗಿಯ ಮೇಲೆ ತೋಳಿಲ್ಲದ ನಿಲುವಂಗಿ ತೊಟ್ಟು, ತಲೆಗೆ ವಸ್ತ್ರ ಹೊದ್ದು, ನಡುವಿಗೆ ನೇಯ್ದ ಪಟ್ಟಿ ಕಟ್ಟಬೇಕು. ನಿನಗೆ ಉಡಿದಾರ ಕಟ್ಟಿದ್ದೆವಲ್ಲ, ಹಾಗೇ ಆ ಪಟ್ಟಿಯನ್ನ ಮಗುವಿಗೆ ಹೆಸರಿಟ್ಟ ದಿನವೇ ಕಟ್ಟುತ್ತಿದ್ದರಂತೆ. ಅದನ್ನ ಬಿಚ್ಚಿ ಹೊರಗೆ ನಿಂತವಳಿಗೆ ಮನೆಯವರೆಲ್ಲ ಒಟ್ಟಿಗೆ ಉಣ್ಣುವ ಬೋಗುಣಿಯಲ್ಲಿ ಊಟವಿಲ್ಲ, ಅವಳ ಪಾತ್ರೆಯನ್ನ ಬೇರೆಯವರು ಬಾಯಿಗಿಡುವ ಹಾಗಿಲ್ಲ.

ಪಟ್ಟಿ ನೇಯುವ ಒಬ್ಬ ತಾಯಿಗೆ ಮೂವರು ಹೆಣ್ಣುಮಕ್ಕಳು. ಕಿರಿಯವಳು ಉಸ್ತೀನ್ಯ, ಮದುವೆ ಗೊತ್ತಾಗಿತ್ತಂತೆ. ನೀರಿನ ಹಬ್ಬದ ದಿನ ಅಕ್ಕತಂಗಿಯರು ಊರ ಹಿರಿಯ ಸವ್ವಾನ ಮೊಮ್ಮಗಳು ಫೇನ್ಯಳ ಕೈ ಹಿಡಿದು ಹೆಪ್ಪುಗಟ್ಟಿದ ಹೊಳೆ ದಾಟುತ್ತಿದ್ದರು. ಆಮೇಲೆ ನೋಡು, ಫೇನ್ಯ ಕೈ ಬಿಡಿಸಿಕೊಂಡು ಓಡಿದಳು, ಮಂಜುಗಡ್ಡೆ ಒಡೆಯಿತು, ಮಗು ಕುತ್ತಿಗೆವರೆಗೆ ನೀರಲ್ಲಿ. ಹಬ್ಬದ ದಿನ ಹಗ್ಗ ಕೊಡಲಿ ಮುಟ್ಟಬಾರದು ಅಂತ ಯಾರ ಕೈಯಲ್ಲೂ ಏನೂ ಇಲ್ಲ.

ಉಸ್ತೀನ್ಯ ನಡುಪಟ್ಟಿ ಬಿಚ್ಚಿ ಅದರ ಒಂದು ತುದಿಯನ್ನ ಮಗುವಿನ ಕಡೆ ಎಸೆದಳಂತೆ, ಉದ್ದ ಸಾಲಲಿಲ್ಲ. ಅಕ್ಕ, ನಿನ್ನದೂ ಕೊಡೇ ಅಂದಳು. ದೊಡ್ಡವಳು ಎರಡೂ ಕೈಯಲ್ಲಿ ನಡು ಹಿಡಿದುಕೊಂಡು, ಅಯ್ಯೋ ನನ್ನ ಗತಿ ಏನೇ ಅಂದಳು. ನಡುವಿನವಳು ಮುಖ ತಿರುಗಿಸಿಕೊಂಡಳು. ಆಮೇಲೆ ಉಸ್ತೀನ್ಯ ತಲೆವಸ್ತ್ರ ಬಿಚ್ಚಿ ಗಂಟು ಹಾಕಿದಳು, ಆಗಲೂ ಸಾಲಲಿಲ್ಲ. ಮಾರಿ, ತಲೆ ಬಿಟ್ಟುಕೊಂಡು ನಿಂತಿದೀಯಲ್ಲೇ, ನಾಚಿಕೆ ಇಲ್ವೇನೇ ಅಂತ ಅಕ್ಕಂದಿರು ಕೂಗುತ್ತಿದ್ದರೆ, ಇವಳು ನಿಲುವಂಗಿಯನ್ನೂ ಕಳಚಿ ಅದರ ತುದಿಗೆ ಕಟ್ಟಿದಳು. ಫೇನ್ಯ ಹಿಡಿದುಕೊಂಡಳು, ಮೇಲೆ ಬಂದಳು.

ಒಳಂಗಿಯಲ್ಲಿ, ಬಿಚ್ಚುಗೂದಲಲ್ಲಿ, ಮಗುವನ್ನ ಎದೆಗೆ ಅವುಚಿಕೊಂಡು ಉಸ್ತೀನ್ಯ ಊರೊಳಗೆ ನಡೆದಳಂತೆ. ಮರುದಿನ ಸವ್ವಾ ಅದೇ ಮೊಮ್ಮಗಳನ್ನ ತೊಡೆ ಮೇಲೆ ಕೂರಿಸಿಕೊಂಡು ಉಸ್ತೀನ್ಯಳಿಗೆ ಎರಡು ಪ್ರಶ್ನೆ ಕೇಳಿದ. ಪಟ್ಟಿ ಬಿಚ್ಚಿದೆಯಾ? ಬಿಚ್ಚಿದೆ ತಾತ. ಯಾರಾದರೂ ಬಲವಂತ ಮಾಡಿದರಾ? ಇಲ್ಲ ತಾತ. ಹಾಗಾದರೆ ತಪ್ಪಾಯ್ತು ಅನ್ನು ಮಗಳೇ, ಅಡ್ಡಬೀಳು, ಹೊಸ ಪಟ್ಟಿ ಕಟ್ಟಿಸುತ್ತೇನೆ.

ತಾಯಿ ಹಿಂದಿನಿಂದ, ಅನ್ನೇ, ನನ್ನಮ್ಮ, ಒಂದು ಮಾತು ಅಂದುಬಿಡೇ ಅಂತ ಗೋಗರೆದಳಂತೆ. ಉಸ್ತೀನ್ಯ ಫೇನ್ಯಳ ಮುಖ ನೋಡಿದಳು. ತಪ್ಪಾಯ್ತು ಅಂದರೆ ಈ ಮಗು ಬದುಕಿದ್ದೇ ತಪ್ಪು ಅಂದಹಾಗಾಗುತ್ತೆ ತಾತ, ನಾನು ಅನ್ನಲ್ಲ ಅಂದಳು.

ಅವತ್ತಿನಿಂದ ಅವಳ ಬೋಗುಣಿ ಬೇರೆ, ಹೊಸಿಲ ಆಚೆ. ಮದುವೆ ಮುರಿಯಿತು. ತಾಯಿ ಅವಳಿಗೆಂದೇ ಒಂದು ಪಟ್ಟಿ ನೇಯ್ದಳು, ಕಟ್ಟುವ ಹಾಗಿಲ್ಲ, ಪೆಟ್ಟಿಗೆಯಲ್ಲಿಟ್ಟಳು. ತಾಯಿಗೆ ಕೊನೆಗಾಲ ಬಂದಾಗ ಅಕ್ಕಂದಿರು ಪ್ರಾರ್ಥನೆಗೆ ಹೋಗಿದ್ದರಂತೆ. ನೀರು ಅಂದಳು ತಾಯಿ. ಉಸ್ತೀನ್ಯ ತಂದಳು. ತಾಯಿ ಆ ಲೋಟ ನೋಡಿದಳು, ಮಗಳದ್ದೇ ಲೋಟ. ತುಟಿ ಬಿಗಿಹಿಡಿದಳು. ಮಗಳ ಬರೀ ನಡುವನ್ನ ಕೈಯಲ್ಲಿ ಸವರುತ್ತಾ ಹಾಗೇ ಕಣ್ಣು ಮುಚ್ಚಿದಳು.

ಆಮೇಲೆ ಫೇನ್ಯ ದೊಡ್ಡವಳಾಗಿ, ತನ್ನ ಚಮಚ ಹಿಡಿದು ಬಂದು, ಉಸ್ತೀನ್ಯಳ ಬೋಗುಣಿಯಲ್ಲೇ ಗಂಜಿ ಕುಡಿದಳಂತೆ. ಅವಳನ್ನೂ ಹೊರಗಿಟ್ಟರು. ಇಬ್ಬರೂ ಹೊಳೆದಂಡೆಯ ಗುಡಿಸಲಲ್ಲಿ ಒಲೆ ಹೂಡಿದರು. ಪೆಟ್ಟಿಗೆಯ ಪಟ್ಟಿಯನ್ನ ಫೇನ್ಯಳೇ ಅವಳ ನಡುವಿಗೆ ಕಟ್ಟಿದಳು. ತಣ್ಣಗೆ ಬಾಳಿದರು.

ಉಳಿದಿದ್ದು ಒಂದು ಮಗು. ಅದಕ್ಕೆ ಉಸ್ತೀನ್ಯ ತೆತ್ತಿದ್ದು ಮದುವೆ, ಮನೆಯೂಟ, ಹೆತ್ತ ತಾಯಿಯ ಬಾಯಿಗೆ ನೀರು ಬಿಡುವ ಭಾಗ್ಯ. ಇಷ್ಟಕ್ಕೆ ಕತೆ ಮುಗಿಯಿತು, ಮಲಗು.